ಕೆಂಪೆಣ್ಣೆ ಎಲ್ಲಿ ಹೋಗುತ್ತಿತ್ತು

ನಾನು ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದು ನನ್ನ ಮೈ ಮಾಡಿದರು. ಒಳಗೆ ಹಲ್ಲುಚಕ್ರ, ಕ್ಲಚ್ ಪ್ಲೇಟು, ಸ್ಪ್ರಿಂಗು ಅಂತ ನೂರಾರು ಸಾಮಾನು ತುಂಬಿದರು. ಇಷ್ಟೆಲ್ಲ ಮಾಡಿದವರೇ ನನ್ನನ್ನು ನಂಬಲಿಲ್ಲ. ಒಂದು ಕಟ್ಟೆಗೆ ಬಿಗಿದು, ಗರಗರ ತಿರುಗಿಸಿ, ಒತ್ತಡ ಅಳೆದು, ಮತ್ತೊಬ್ಬನನ್ನು ಕರೆದು ಅವನಿಂದಲೂ ಅಳೆಸಿ, ಆಮೇಲೆ ಮುದ್ರೆ ಒತ್ತಿದರು. ಹುಟ್ಟಿದ ದಿನವೇ ಅನುಮಾನಕ್ಕೆ ಗುರಿಯಾದವನು ನಾನು. ಆ ಗುಣ ನನಗೂ ಅಂಟಿಕೊಂಡಿದ್ದರೆ ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ನನ್ನ ಮೂತಿಗೆ ಕುಂಬಳಕಾಯಿ ಗಾತ್ರದ ಒಂದು ಉಕ್ಕಿನ ಡಬ್ಬಿ ಇದೆ. ಅದು ಟಾರ್ಕ್ ಕನ್ವರ್ಟರ್, ಗ್ಯಾರೇಜಿನವರ ಬಾಯಲ್ಲಿ ಬರೀ ಕನ್ವರ್ಟರ್. ಅದರೊಳಗೆ ಎದುರುಬದುರಾಗಿ ಎರಡು ಫ್ಯಾನು, ನಡುವೆ ಕೆಂಪೆಣ್ಣೆ. ಎಂಜಿನ್ ಒಂದು ಫ್ಯಾನನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಬೀಸುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ತಿರುಗುತ್ತದೆ. ನನಗೆ ಬರುವ ಬಲವೆಲ್ಲ ಎಣ್ಣೆಯಿಂದಲೇ. ಎಂಜಿನ್ ಓಡುವಾಗ ಆ ಎಣ್ಣೆ ಮೈಯೆಲ್ಲ ಏರಿ ಕನ್ವರ್ಟರ್ ತುಂಬಿಕೊಳ್ಳುತ್ತದೆ. ಎಂಜಿನ್ ನಿಂತರೆ ಬಹುಪಾಲು ಇಳಿದು ಹೊಟ್ಟೆಯ ತಟ್ಟೆಗೆ ಬಂದು ಕೂರುತ್ತದೆ. ಅಂದರೆ ಓಡುವಾಗ ಸರಿಯಾಗಿರುವ ಹೊಟ್ಟೆ ನಿಂತಾಗ ಉಬ್ಬಿದಂತೆ ಕಾಣುತ್ತದೆ. ಇಷ್ಟು ನೆನಪಿಟ್ಟುಕೊಳ್ಳಿ. ನಾನು ಸೇರಿದ ಗ್ಯಾರೇಜಿನಲ್ಲಿ ಒಬ್ಬರಿಗೆ ಇದು ಗೊತ್ತಿರಲಿಲ್ಲ.

ಮೊದಲ ಯಜಮಾನ ಮುಂಬೈಯ ಒಬ್ಬ ಬಟ್ಟೆ ವ್ಯಾಪಾರಿ. ಡ್ರೈವರ್ ಕದ್ದುಮುಚ್ಚಿ ಕಾರು ಓಡಿಸುತ್ತಾನೆಂದು ಅವನಿಗೆ ಗುಮಾನಿ. ದಿನಾ ಸಂಜೆ ಬಗ್ಗಿ ಕಿಲೋಮೀಟರ್ ಓದುತ್ತಿದ್ದ. ಕಡೆಗೆ ಕಾರನ್ನು ಕಂಬಕ್ಕೆ ಗುದ್ದಿಸಿದವನು ಅವನೇ. ಎಂಜಿನ್ನು ಮತ್ತು ನಾನು ಗುಜರಿಗೆ ಬಿದ್ದೆವು. ಅಲ್ಲಿ ನಾಲ್ಕು ಮಳೆಗಾಲ ಕಳೆದ ಮೇಲೆ ಒಬ್ಬ ಹೆಂಗಸು ಬಂದಳು, ಟಾರ್ಚ್ ಬಿಟ್ಟು ನನ್ನ ಮೈಯೆಲ್ಲ ನೋಡಿದಳು, ಬೆರಳಿಗೆ ಎಣ್ಣೆ ಹಚ್ಚಿ ಮೂಸಿದಳು. ಸುಟ್ಟ ವಾಸನೆ ಬರಲಿಲ್ಲವೆಂದು ಖಾತ್ರಿಯಾದ ಮೇಲೆಯೇ ನಮ್ಮಿಬ್ಬರನ್ನೂ ಲಾರಿಗೆ ಹೇರಿಸಿದಳು. ಆಕೆ ಹುಬ್ಬಳ್ಳಿಯ ಸುಲೋಚನಾ ಹಂಪಣ್ಣವರ. ತಂದೆ ಬಿಟ್ಟುಹೋದ ಗ್ಯಾರೇಜನ್ನು ನಡೆಸುತ್ತಿದ್ದವಳು.

ಸುಲೋಚನಾಳಿಗೆ ಒಂದು ಹುಚ್ಚಿತ್ತು. ಹಳೆಯ ಗಾಡಿಯ ಮೈ ಕತ್ತರಿಸಿ, ತಗ್ಗಿಸಿ, ಅದರ ಯೋಗ್ಯತೆ ಮೀರಿದ ಎಂಜಿನ್ ಕೂರಿಸಿ ಓಡಿಸುವ ಹುಚ್ಚು. ಅಂಥ ಗಾಡಿಗೆ ಹಾಟ್ ರಾಡ್ ಅನ್ನುತ್ತಾರೆ. ಊರಾಚೆ ಪಾಳುಬಿದ್ದ ವಿಮಾನಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಅವುಗಳ ಓಟ. ಆ ವರ್ಷ ಆಕೆ ಆರಿಸಿಕೊಂಡದ್ದು ಬೇಕರಿಯವರೊಬ್ಬರ ಪಾವು-ಬ್ರೆಡ್ಡು ಸಾಗಿಸುತ್ತಿದ್ದ ಹಳೇ ವ್ಯಾನು. ಅದರ ಚಾವಣಿ ಒಂದು ಮೊಳ ಇಳಿಸಿ, ಎಂಟು ಸಿಲಿಂಡರಿನ ಎಂಜಿನ್ನು ಮತ್ತು ನನ್ನನ್ನು ಅದರೊಳಗೆ ಇಳಿಸಿದವನು ಮೋನಪ್ಪ ಬಡಿಗೇರ. ಆಕೆಯ ತಂದೆಯ ಕಾಲದಿಂದಲೂ ಆ ಗ್ಯಾರೇಜಿನ ಮೇಸ್ತ್ರಿ. ಚಿಕ್ಕಂದಿನಲ್ಲಿ ಮುಂಬೈಯಲ್ಲಿ ವಿದೇಶಿ ಗಾಡಿ ಬಿಚ್ಚಿ ಕಲಿತವನು. ಸುಲೋಚನಾ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು.

ಮೋನಪ್ಪನ ಕೈ ಒರಟು. ಬೋಲ್ಟು ಬಿಗಿಯುವಾಗ ನನ್ನ ಎಲುಬು ಮುರಿಯುತ್ತಾನೇನೋ ಅನಿಸುತ್ತಿತ್ತು. ನನಗೆ ಅವನು ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು ಗದಿಗೆಪ್ಪಜ್ಜ. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತನಾದ ಮುದುಕ. ಬೆಳಿಗ್ಗೆ ಆರಕ್ಕೇ ಬಂದು ಗೇಟು ತೆಗೆದು, ಊದುಬತ್ತಿ ಹಚ್ಚಿ, ಒಂದೊಂದು ಗಾಡಿಯ ಬಾನೆಟ್ ಎತ್ತಿ ನೀರು, ಎಣ್ಣೆ ನೋಡಿ, ಎಂಟಕ್ಕೆ ಮನೆಗೆ ಹೋಗುತ್ತಿದ್ದ. ನನ್ನ ಎಣ್ಣೆ ಅಳೆಯುವ ಕಡ್ಡಿಯನ್ನು ಅವನು ಎಳೆಯುವುದೇ ಗೊತ್ತಾಗುತ್ತಿರಲಿಲ್ಲ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೆಲ್ಲಗೆ ಬಿಟ್ಟು, ಏನೇನೋ ಮಾಡಿ ಹೋಗುತ್ತಿದ್ದ. ಅವನು ಹೋದಾಗ ಹೊಟ್ಟೆ ಹಗುರಾಗಿ ಹಾಯೆನಿಸುತ್ತಿತ್ತು.

ತೊಂದರೆ ಶುರುವಾದದ್ದು ಓಟಕ್ಕೆ ಆರು ವಾರ ಇರುವಾಗ. ಸುಲೋಚನಾ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗಂಟಲು ಹರಿದುಕೊಂಡು ಕೂಗುತ್ತದೆ, ಗಾಡಿ ಮಾತ್ರ ಎಮ್ಮೆಯಂತೆ ಕದಲುತ್ತದೆ. ನನ್ನೊಳಗೆ ಎಣ್ಣೆ ಸಾಲದೆ ಪಂಪು ಗಾಳಿ ನುಂಗುತ್ತಿತ್ತು, ಎಣ್ಣೆ ನೊರೆಯಾಗುತ್ತಿತ್ತು, ಕ್ಲಚ್ ಪ್ಲೇಟುಗಳು ಹಿಡಿಯಲಾರದೆ ಜಾರುತ್ತಿದ್ದವು. ಮೋನಪ್ಪ ಎಂಜಿನ್ ಓಡುತ್ತಿದ್ದಂತೆಯೇ ಕಡ್ಡಿ ಎಳೆದು ನೋಡಿದ.

"ಎಣ್ಣಿ ಕಡಿಮಿ ಆಗೈತ್ರಿ ಅಕ್ಕಾರ. ಒಂದ್ ಲೀಟರ್ ಮ್ಯಾಲ ಹೋಗೈತಿ."

ತುಂಬಿದ. ಗಾಡಿ ಚಿಮ್ಮಿ ಓಡಿತು. ಮರುದಿನ ಮತ್ತೆ ಅದೇ ಕಥೆ. ಸೋರುತ್ತಿರಬೇಕೆಂದು ನನ್ನ ಕೆಳಗೆ ಹಳೇ ಪೇಪರ್ ಹಾಸಿದರು. ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ. ಬ್ರೇಕ್ ಅದುಮಿ ಹಿಡಿದು ಎಂಜಿನ್ ರೇಗಿಸಿ ಕನ್ವರ್ಟರ್ ಪರೀಕ್ಷೆ ಮಾಡಿದರು. ಫಿಲ್ಟರ್ ಬದಲಿಸಿದರು. ಎಂಜಿನ್ನಿಗೂ ನನಗೂ ನಡುವೆ ಒಂದು ಸಣ್ಣ ರಬ್ಬರಿನ ಪರದೆ ಇದೆ. ಅದು ಹರಿದರೆ ಎಂಜಿನ್ ನನ್ನ ಎಣ್ಣೆಯನ್ನು ಹೀರಿ ಹೊಗೆ ಮಾಡಿ ಬಿಡುತ್ತದೆ. ನನಗೆ ಮೊದಲಿನಿಂದಲೂ ಎಂಜಿನ್ ಮೇಲೆ ಕಣ್ಣಿತ್ತು, ಈಗ ಸಿಕ್ಕಿಬಿದ್ದ ಎಂದುಕೊಂಡೆ. ಮೋನಪ್ಪ ಪರದೆ ತೆಗೆದು ಬೆಳಕಿಗೆ ಹಿಡಿದ. ಒಂದು ಗೀರೂ ಇರಲಿಲ್ಲ. ನನ್ನನ್ನು ಪೂರ್ತಿ ಕೆಳಗಿಳಿಸಿ ಬಿಚ್ಚಿದ. ಏನೂ ಸಿಗಲಿಲ್ಲ. ಆದರೂ ದಿನಕ್ಕೊಂದು ಲೀಟರ್ ಮಾಯ.

ಆಗ ಅನುಮಾನ ಸಾಮಾನು ಬಿಟ್ಟು ಮನುಷ್ಯರ ಕಡೆ ತಿರುಗಿತು. ಅದೇ ರಸ್ತೆಯ ಇನ್ನೊಂದು ಗ್ಯಾರೇಜಿನವರೂ ಓಟಕ್ಕೆ ಒಂದು ಆಟೋಮ್ಯಾಟಿಕ್ ಗಾಡಿ ಕಟ್ಟುತ್ತಿದ್ದರು. ಅದಕ್ಕೂ ಇದೇ ಕೆಂಪೆಣ್ಣೆ ಬೇಕು. ಮೋನಪ್ಪ ಅಲ್ಲಿ ಚಹಾ ಕುಡಿಯುತ್ತಿದ್ದುದನ್ನು ಯಾರೋ ನೋಡಿದ್ದರು. ಎಣ್ಣೆ ಕಡಿಮೆ ಎಂದು ಹೇಳುವವನು ಅವನೇ, ಹೊಸ ಡಬ್ಬಿ ಒಡೆಯುವವನು ಅವನೇ. ತುಂಬಿದನೋ, ತುಂಬಿದಂತೆ ಮಾಡಿದನೋ, ನೋಡಿದವರಾರು? ಸುಲೋಚನಾ ಮೊದಮೊದಲು ಈ ಯೋಚನೆಯನ್ನು ತಳ್ಳಿಹಾಕಿದಳು. ಆಮೇಲೆ ಅವನು ಡಬ್ಬಿ ಎತ್ತಿದಾಗಲೆಲ್ಲ ಏನೋ ನೆಪ ಮಾಡಿ ಹತ್ತಿರ ಬಂದು ನಿಲ್ಲತೊಡಗಿದಳು. ಅವನು ಅದನ್ನು ಗಮನಿಸಿದ. ನಾನೂ ಅವನೇ ಇರಬೇಕು ಅಂದುಕೊಂಡೆ. ನನ್ನನ್ನು ಬಿಚ್ಚಿ ಹರವಿದ ಕೈ ತಾನೇ ಅದು.

ಒಂದು ದಿನ ಅವನು ಬೆಳಗಿನಿಂದ ನನ್ನ ಕೆಳಗೇ ಮಲಗಿದ್ದ. ಊಟಕ್ಕೂ ಏಳಲಿಲ್ಲ. ಸಂಜೆ ಎಣ್ಣೆ ಸರಿಯಾಗಿ ತುಂಬಿಸಿ, ಕೈ ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಚೀಲ ಭಾರವಾಗಿ ಜೋಲುತ್ತಿತ್ತು. ಸುಲೋಚನಾ ಗೇಟಿನ ಹತ್ತಿರ ನಿಂತಿದ್ದಳು.

"ಕಾಕಾ, ಚೀಲದಾಗ ಏನೈತಿ? ಸ್ವಲ್ಪ ತಗದು ತೋರಸ್ರಿ."

ಕೆಲಸಗಾರರೆಲ್ಲ ಇದ್ದರು. ಮೋನಪ್ಪ ಅವಳ ಮುಖವನ್ನೇ ನೋಡಿದ. ಚೀಲ ಕೆಳಗಿಟ್ಟು ಬುತ್ತಿಯ ಗಂಟು ಬಿಚ್ಚಿದ. ನಾಲ್ಕು ಜೋಳದ ರೊಟ್ಟಿ, ಒಂದು ಡಬ್ಬಿ ಬದನೆಕಾಯಿ ಪಲ್ಯ, ಮುಟ್ಟದ ನೀರಿನ ಬಾಟಲಿ. ಅಷ್ಟೇ ಇತ್ತು. ಅಲ್ಲಿಗೇ ಅವಳು ಸುಮ್ಮನಾಗಬಹುದಿತ್ತು. ನಾಚಿಕೆಯಾದವರಿಗೆ ಸಿಟ್ಟೂ ಬೇಗ ಬರುತ್ತದೆ.

"ಇವತ್ತಿಲ್ಲ, ಸರಿ. ಓಟ ಮುಗಿಯೂತನಕ ನೀವು ಬರಬ್ಯಾಡ್ರಿ."

ಮೋನಪ್ಪ ಗಂಟು ಮತ್ತೆ ಕಟ್ಟಿಕೊಂಡು ಹೋದ. ಮರುದಿನ ಬೆಳಿಗ್ಗೆ ಗದಿಗೆಪ್ಪಜ್ಜನಿಗೆ ಸುದ್ದಿ ಗೇಟಿನಲ್ಲೇ ಸಿಕ್ಕಿತು. "ಮೋನಪ್ಪ ಕಳ್ಳನಂತ? ಹಂಗಾದ್ರ ನಾನೂ ಬರಾಂಗಿಲ್ಲ" ಎಂದವನೇ ಬಾನೆಟ್ ಕೂಡ ಎತ್ತದೆ, ಕೀಲಿ ಕೊಟ್ಟು, ಕುಂದಗೋಳದ ಮಗಳ ಮನೆಗೆ ಹೊರಟುಹೋದ.

ಅಂದಿನಿಂದ ನಾನು ಗಟ್ಟಿಮುಟ್ಟಾದೆ. ಒಂದು ಹನಿ ಎಣ್ಣೆ ಕಡಿಮೆಯಾಗಲಿಲ್ಲ. ಎರಡು ವಾರ ಸುಲೋಚನಾ ಕಾಲಿಟ್ಟರೆ ಸಾಕು, ಗಾಡಿ ಹಾರುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: ಮೋನಪ್ಪ ಹೋದ, ಕಳವು ನಿಂತಿತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಮಾತು ರಸ್ತೆ ದಾಟಿ ಆ ಇನ್ನೊಂದು ಗ್ಯಾರೇಜಿಗೂ ಹೋಯಿತು. ಅವನಿಗೆ ಕೆಲಸ ಕೊಡಲು ಬಂದಿದ್ದವರು ಹಿಂದೆ ಸರಿದರು. ಇಡೀ ಬದುಕು ಸವೆಸಿ ಗಳಿಸಿದ ಹೆಸರು ಹದಿನಾಲ್ಕು ದಿನದಲ್ಲಿ ಹೋಯಿತು.

ಓಟಕ್ಕೆ ಆರು ದಿನ ಉಳಿದಿತ್ತು. ಮಗಳ ಮನೆಯಲ್ಲಿ ಬೇಸರ ಬಂದು, ಸಿಟ್ಟೂ ಇಳಿದು ಅಜ್ಜ ವಾಪಸ್ ಬಂದ. ಅವನು ಬಂದು ಹೋದ ಆ ದಿನವೇ ಗಾಡಿ ಮತ್ತೆ ಎಮ್ಮೆಯಾಯಿತು. ಸುಲೋಚನಾ ತಾನೇ ಕಡ್ಡಿ ನೋಡಿದಳು. ಒಂದು ಲೀಟರ್ ಇಲ್ಲ. ಮೋನಪ್ಪ ಆ ಕಡೆ ಸುಳಿದಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

ಎಣ್ಣೆ ತುಂಬಿಸಿ ಗಾಡಿ ನಿಲ್ಲಿಸಿದಳು. ಮರುದಿನ ಬೆಳಗಾಗುತ್ತಲೇ ಬಂದಳು. ಅಜ್ಜ ನನ್ನ ಮೇಲೆ ಬಗ್ಗಿದ್ದ. ಕಡ್ಡಿಯ ಕೊಳವೆಯೊಳಗೆ ಸಣ್ಣ ರಬ್ಬರ್ ನಳಿಗೆ ಇಳಿಬಿಟ್ಟು, ದನಕ್ಕೆ ಔಷಧಿ ಕೊಡುವ ದೊಡ್ಡ ಪಿಚಕಾರಿಯಿಂದ ಕೆಂಪೆಣ್ಣೆ ಎಳೆಯುತ್ತಿದ್ದ.

"ಏನ್ ಮಾಡಾಕತ್ತೀ ಅಜ್ಜಾ?"

"ಎಣ್ಣಿ ನೋಡಾಕತ್ತೀನಿ ತಾಯಿ. ದಿನಾ ಮುಂಜಾನೆ ಇದು ಮಾರ್ಕ್ ದಾಟಿ ಮ್ಯಾಲ ಬಂದಿರ್ತೈತಿ. ಹೆಚ್ಚಿಗೆ ಆದ್ರ ಸೀಲ್ ಹೋಗ್ತಾವ. ನಾ ತಗದು ಸಮಾ ಮಾಡ್ತೀನಿ."

"ದಿನಾನೂ?"

"ಹೂಂ. ಎಣ್ಣಿ ನೋಡದ ಒಂದ ದಿನಾನೂ ಗಾಡಿ ಚಾಲೂ ಮಾಡಿದವನಲ್ಲ ನಾನು."

"ಎಣ್ಣಿ ಕಳುವಾಗತೈತಿ ಅಂತ ಎಲ್ಲಾರೂ ಒದರಾಡಿದ್ವಿ. ಕೇಳಲಿಲ್ಲೇನು?"

"ಡಬ್ಬಿ ಎಣ್ಣಿ ಹೋಗತೈತಿ ಅಂದ್ಕೊಂಡಿದ್ದೆ. ಗಾಡ್ಯಾಗ ದಿನಾ ಹೆಚ್ಚೇ ಇರ್ತಿತ್ತಲ್ಲ."

ಅಜ್ಜ ಅವಳನ್ನು ನೀರಿನ ಪಂಪಿನ ಕೋಣೆಗೆ ಕರೆದೊಯ್ದು ಒಂದು ಕ್ಯಾನು ಎತ್ತಿ ತಂದ. ಬಾಯಿಗೆ ಬಟ್ಟೆ ಕಟ್ಟಿತ್ತು. ತೆಗೆದ ಎಣ್ಣೆಯನ್ನೆಲ್ಲ ಸೋಸಿ ತುಂಬಿಟ್ಟಿದ್ದ. "ಚಲೋ ಎಣ್ಣಿ, ಚೆಲ್ಲೂದು ಹೆಂಗ? ಬೇಕಾದಾಗ ಕೊಟ್ರಾತು ಅಂತ ಇಟ್ಟೀನಿ" ಎಂದ. ಸುಲೋಚನಾ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತುಬಿಟ್ಟಳು. ಬಸ್ಸಿನ ಎಂಜಿನ್ ಎಣ್ಣೆಯನ್ನು ಗಾಡಿ ನಿಂತಾಗ, ತಣ್ಣಗಿರುವಾಗ ನೋಡಬೇಕು. ನನ್ನದನ್ನು ಓಡುತ್ತ ಬಿಸಿಯಾಗಿರುವಾಗ ನೋಡಬೇಕು. ಅಜ್ಜನ ಶಿಸ್ತಿನಲ್ಲಿ ಒಂದು ಚೂರೂ ಕೊರತೆ ಇರಲಿಲ್ಲ. ಅದು ಬೇರೆ ಗಾಡಿಯ ಶಿಸ್ತಾಗಿತ್ತು.

ಸುಲೋಚನಾ ತಾನೇ ಮೋನಪ್ಪನ ಮನೆಗೆ ಹೋದಳು. ಮಧ್ಯಾಹ್ನ ಆಕೆಯ ಹಿಂದೆ ಅವನು ಬಂದ. ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಅಜ್ಜನ ಕೈಯಲ್ಲೇ ಕಡ್ಡಿ ಎಳೆಸಿದ. ಬೆಳಿಗ್ಗೆ ಮಾರ್ಕಿಗೆ ಸಮ ಇದ್ದ ಎಣ್ಣೆ ಈಗ ಕಡ್ಡಿಯ ತುದಿಗೂ ತಾಗಿರಲಿಲ್ಲ. ಅಜ್ಜ ಕಡ್ಡಿಯನ್ನೂ ಮೋನಪ್ಪನನ್ನೂ ನೋಡಿದ. ಒರೆಸಿ ಮತ್ತೊಮ್ಮೆ ಇಳಿಬಿಟ್ಟು ಎಳೆದ, ಅಷ್ಟೇ ಇತ್ತು.

"ಇರಲಿ ಅಜ್ಜಾ. ನಾ ಒಂದ ಮಾತು ಮೊದಲ ಹೇಳಬೇಕಿತ್ತು ನಿಮಗ" ಎಂದ ಮೋನಪ್ಪ. ಕ್ಯಾನಿನಿಂದಲೇ ಎಣ್ಣೆ ಅಳೆದು ತುಂಬಿದ. ಅವನ ಒರಟು ಕೈ ನನ್ನ ಮೈ ಮೇಲಿತ್ತು. ನನಗೆ ನಾಚಿಕೆಯಾಯಿತು. ಮೆತ್ತನೆಯ ಕೈ ಬರಿದು ಮಾಡಿದ್ದನ್ನು ದಿನಾ ತುಂಬುತ್ತಿದ್ದುದು ಇದೇ ಕೈ, ಮತ್ತು ನಾನು ಕಳ್ಳನೆಂದದ್ದು ಇದನ್ನೇ.

"ಕಾಕಾ, ನನ್ನಿಂದ ತಪ್ಪಾತು. ಸೋಮವಾರದಿಂದ ಬರ್ರಿ" ಎಂದಳು ಸುಲೋಚನಾ. ಕೆಲಸಗಾರರೆಲ್ಲರ ಮುಂದೆಯೇ ಹೇಳಿದಳು. ಅಷ್ಟು ಮಾತ್ರ ಅವಳ ದೊಡ್ಡತನ.

ಮೋನಪ್ಪ ಕೈ ಒರೆಸಿಕೊಂಡ. "ಎಣ್ಣಿ ಎಲ್ಲಿ ಹೊಂಟೈತಿ ಅಂತ ನನ್ನ ಕೇಳಿದ್ರ ಅದರಾಗೇನೂ ತಪ್ಪಿದ್ದಿಲ್ರಿ ಅಕ್ಕಾರ, ನಾನೂ ಅದನ್ನ ಹುಡುಕತಿದ್ದೆ. ನೀವು ಬುತ್ತಿ ಬಿಚ್ಚಿಸಿದ್ರಿ. ಮನ್ಯಾಗ ಈಗ ಹೆಂಡ್ತಿಗೆ ಏನಂತ ಹೇಳಿ ಮತ್ತ ಬುತ್ತಿ ಕಟ್ಟಸ್ಲಿ?"

ಆಮೇಲೆ ಅವನು ಬರಲಿಲ್ಲ. ಓಟದಲ್ಲಿ ನಾನು ಒಂದು ಸಲವೂ ಜಾರಲಿಲ್ಲ, ಸುಲೋಚನಾ ಎಲ್ಲರಿಗಿಂತ ಮುಂಚೆ ಗೆರೆ ದಾಟಿದಳು. ಇಳಿದವಳು ಬಹುಮಾನದ ಕಡೆ ಹೋಗದೆ ಜನರ ನಡುವೆ ಕತ್ತು ಚಾಚಿ ಹುಡುಕಿದಳು. ಮೋನಪ್ಪ ಬಂದಿರಲಿಲ್ಲ. ಅಜ್ಜ ಆ ವರ್ಷವೇ ಕೆಲಸ ಬಿಟ್ಟ.

ಈಗ ವ್ಯಾನೂ ಇಲ್ಲ, ಎಂಜಿನ್ನೂ ಇಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದು ಹಲಗೆಯ ಮೇಲೆ ಒಣಗಿ ಕೂತಿದ್ದೇನೆ. ಇಲ್ಲಿಂದ ಗೇಟು ಚೆನ್ನಾಗಿ ಕಾಣುತ್ತದೆ. ನನ್ನ ಅನುಮಾನದ ಬುದ್ಧಿ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ, ಆದರೆ ಈಗ ಮೊದಲು ನನ್ನನ್ನೇ ಅನುಮಾನಿಸುತ್ತೇನೆ. ಸುಲೋಚನಾಳಿಗೆ ತಲೆ ನರೆತಿದೆ. ಸಂಜೆ ಕೆಲಸಗಾರರು ಕೈ ತೊಳೆದು ಚೀಲ ಎತ್ತಿಕೊಳ್ಳುವ ಹೊತ್ತಿಗೆ ಅವಳು ಎಷ್ಟೇ ಅವಸರದ ಕೆಲಸವಿದ್ದರೂ ಬಿಟ್ಟು ಒಳಗಿನ ಕೋಣೆಗೆ ಹೋಗುತ್ತಾಳೆ. ಕಡೆಯವನು ಗೇಟು ದಾಟುವವರೆಗೂ ಗೋಡೆಗೆ ಮುಖ ಮಾಡಿ ನಿಂತಿರುತ್ತಾಳೆ.