ಮರಳದಿಬ್ಬದ ಚಾದರಗಳು

ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಯ ಚಾದರಗಳ ಎರಡು ತುದಿ ಹಿಡಿದು ಹಿಂಡಿ, ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಹರಡುತ್ತಿದ್ದರು. ಬೇಸಿಗೆ ಇನ್ನೂ ಕಾಲಿಟ್ಟಿರಲಿಲ್ಲ, ಮರಳು ಆಗಲೇ ಅಂಗಾಲು ಸುಡುತ್ತಿತ್ತು. "ಯಾವ ರೋಗಿಗೆ ಎಷ್ಟು ರಕ್ತ ಹೋಯ್ತು ಅಂತ ಡಾಕ್ಟರಿಗಿಂತ ಚೆನ್ನಾಗಿ ನಂಗೇ ಗೊತ್ತು" ಎಂದು ಅತ್ತೆ ಹಿಂದೆಲ್ಲ ನಗಿಸುತ್ತಿದ್ದಳು. ವರ್ಷದಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು.

ಹೋದ ವರ್ಷ ಇಲ್ಲೇ ಅವಳ ಮಗ ಎಚ್ಚರಿಸಿದ್ದ. "ಅಮ್ಮಾ, ನೀರು ಕದಡ್ತಿದೆ. ಇವತ್ತು ದಿಬ್ಬದ ಮೇಲೆ ಬೇಡ. ಈಗೀಗ ಸೆಕೆ ಬೇಗ ಶುರುವಾಗುತ್ತೆ, ಬೆಟ್ಟದ ಹಿಮ ಎಲ್ಲ ಒಟ್ಟಿಗೇ ಕರಗಿ ಇಳಿಯುತ್ತೆ. ಆಮೇಲೆ ಒಗೆಯೋಕೂ ನೀರಿರಲ್ಲ, ನೋಡ್ತಿರು."

"ನೀನು ಹುಟ್ಟೋಕೆ ಮುಂಚಿಂದ ಈ ಹೊಳೇನ ನೋಡಿದೀನಿ. ನೀರೇರೋದು ಅರ್ಧ ಬೇಸಿಗೆ ಕಳೆದ ಮೇಲೆ" ಎಂದು ಅವಳು ಬಾಯಿ ಮುಚ್ಚಿಸಿದಳು.

ಮಧ್ಯಾಹ್ನದೊಳಗೆ ನೀರು ದಿಬ್ಬವನ್ನು ಸುತ್ತುವರಿಯಿತು. ಸೊಸೆಯೂ ಸೇರಿ ಮೂವರೂ ದಡದಲ್ಲಿದ್ದರು, ಹರಡಿದ ಚಾದರಗಳು ದಿಬ್ಬದ ಮೇಲೇ ಉಳಿದಿದ್ದವು. "ಇನ್ನೊಬ್ಬರ ಬಟ್ಟೆ ಹೊಳೆಪಾಲಾದ್ರೆ ನಾಳೆ ಯಾವ ಮುಖ ಹೊತ್ಕೊಂಡು ಹೋಗೋದು? ಮೊಣಕಾಲುದ್ದ ನೀರು, ತಂದುಬಿಡು" ಎಂದಳು ತಾಯಿ. ಮಗ ಇಳಿದ. ಸೇತುವೆಯ ಕಂಬಕ್ಕೆ ಸಿಕ್ಕಿದ್ದ ಹೆಣವನ್ನು ಬಿಡಿಸಿದಾಗ ತೋಳಿಗೆ ಚಾದರಗಳು ಸುತ್ತಿಕೊಂಡೇ ಇದ್ದವು.

ತನ್ನ ನಾಲಿಗೆಯೇ ಮಗನನ್ನು ನುಂಗಿತು ಎಂಬ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಸೊಸೆ ಮಾತ್ರ ಒಂದು ಸಲವೂ ಅವಳನ್ನು ದೂರಲಿಲ್ಲ. ಬೈದಿದ್ದರಾದರೂ ಚೆನ್ನಾಗಿತ್ತು ಎಂದು ಅತ್ತೆಗೆ ಎಷ್ಟೋ ಸಲ ಅನ್ನಿಸಿತ್ತು. ಆದರೂ ಹೊಟ್ಟೆ ಕೇಳಬೇಕಲ್ಲ. ದಡದ ತುಂಬ ಊರಿನ ಕಸ. ಬಿಳಿ ಬಟ್ಟೆ ಹರಡಲು ದಿಬ್ಬ ಬಿಟ್ಟರೆ ಚೊಕ್ಕ ಜಾಗವಿರಲಿಲ್ಲ.

ಹರಡಿ ಮುಗಿಸಿ ಇಬ್ಬರೂ ದಡಕ್ಕೆ ಬಂದು ಬುತ್ತಿ ಬಿಚ್ಚಿದರು. ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ನೀರು ಕದಡಿ ಕೆಂಪಾಯಿತು. ಸೊಸೆ ದಡಕ್ಕನೆ ಎದ್ದು ಸೆರಗು ಬಿಗಿದಳು.

"ಇನ್ನೂ ಮೊಣಕಾಲುದ್ದ ಅಷ್ಟೇ ಅತ್ತೆ. ಓಡಿ ತಂದುಬಿಡ್ತೀನಿ."

ಅತ್ತೆ ಎಂಜಲುಗೈಯಲ್ಲೇ ಅವಳ ಮಣಿಕಟ್ಟು ಹಿಡಿದಳು. "ಬೇಡ. ಹೋದ್ರೆ ಹೋಗ್ಲಿ."

"ಇರೋ ಒಂದು ಕೆಲಸಾನೂ ಹೋಗುತ್ತೆ. ಆಸ್ಪತ್ರೆಯವರಿಗೆ ಏನಂತ ಹೇಳೋದು?"

"ಹೊಳೆ ಮೊದಲಿನ ಹಾಗಿಲ್ಲ ಅಂತ ನಾನೇ ಹೇಳ್ತೀನಿ. ಅವನು ಹೇಳಿದಾಗಲೇ ಕೇಳಬೇಕಿತ್ತು ನಾನು."

ಸೊಸೆ ವರ್ಷದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು. ದಿಬ್ಬದ ಅಂಚು ಕುಸಿಯಿತು. ಚಾದರಗಳು ಒಂದೊಂದಾಗಿ ಮರಳು ಬಿಟ್ಟೆದ್ದು ಕೆಂಪು ನೀರಿನಲ್ಲಿ ತೇಲಿಹೋದವು. ಕೊನೆಯದು ಸೇತುವೆಯ ಕಂಬ ದಾಟುವವರೆಗೂ ಅತ್ತೆ ಆ ಕೈ ಬಿಡಲಿಲ್ಲ.