ಗುರುವಾರದ ಪಲ್ಪರ್ ಮನೆ

ಎಲ್ಲಿಂದ ಶುರುಮಾಡಲಿ? ಆನೆಯಿಂದಲೇ ಶುರುಮಾಡಿದರೆ ನೀವು ಕೂತು ಓದುತ್ತೀರಿ, ಗೊತ್ತು. ಆದರೆ ಆನೆ ಇನ್ನೂ ಬಂದಿಲ್ಲ. ಮಂಜು, ಹೂಮಳೆ, ಕಾಫಿಯ ಘಮ ಅಂತ ಶುರುಮಾಡುವವರು ಬೇರೆ ಇದ್ದಾರೆ. ಬೇಕಾದರೆ ಅವರ ಹತ್ತಿರ ಹೋಗಿ. ನಾನು ಒಂದು ಬಾಗಿಲಿನಿಂದ ಶುರುಮಾಡುತ್ತೇನೆ. ಇರುವುದು ಒಂದೇ ಬಾಗಿಲು. ನೆನಪಿಟ್ಟುಕೊಳ್ಳಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ.

೧

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಭಾಗೀರಥಿ, "ಕಳಸಕ್ಕೆ ಹೋಗಿ ಬರ್ತೇನೆ, ಅಫ್ರೀನ್ ಹತ್ರ ಬ್ಲೌಸ್ ಕೊಡೋದಿದೆ" ಎಂದು ಗಂಡ ಪ್ರಸನ್ನಕುಮಾರನಿಗೆ ಹೇಳಿ ಬಸ್‌ಸ್ಟಾಪಿನ ಕಡೆ ನಡೆದಳು. ತಿರುವಿನಲ್ಲಿ ಮರೆಯಾದ ಮೇಲೆ ತೋಟದೊಳಗೆ ನುಗ್ಗಿ, ಗುಡ್ಡದ ಮೇಲಿನ ಪಲ್ಪರ್ ಮನೆಗೆ ಹತ್ತಿದಳು. ಮನೆ ಅಂದರೆ ಮನೆಯಲ್ಲ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ತಗಡಿನ ಶೆಡ್ಡು. ಕೊಯ್ಲು ಮುಗಿದ ಮೇಲೆ ಅಲ್ಲಿಗೆ ನಾಯಿಯೂ ಹೋಗುವುದಿಲ್ಲ. ಅವಳು ಒಳಗಿನಿಂದ ಚಿಲಕ ಹಾಕಿ, ಗೋಣಿಚೀಲ ಹಾಸಿ, ಫೋನ್ ಆಫ್ ಮಾಡಿ ಸುಮ್ಮನೆ ಕೂರುತ್ತಾಳೆ. ಪ್ರತಿ ಗುರುವಾರ.

(ಪ್ರಿಯಕರ ಬರುತ್ತಾನೆ ಅಂದುಕೊಂಡಿರಾ? ಮೊದಲ ಡ್ರಾಫ್ಟಿನಲ್ಲಿ ನಾನೂ ಒಬ್ಬನನ್ನು ಕಳಿಸಿದ್ದೆ. "ಇವನ ಜೊತೆಗೂ ಮಾತಾಡ್ಬೇಕಾ?" ಎಂದು ಭಾಗೀರಥಿ ಬಾಗಿಲಲ್ಲೇ ವಾಪಸ್ ಕಳಿಸಿದಳು. ಹಾಳೆ ಹರಿದು ಒಲೆಗೆ ಹಾಕಿದೆ.)

೨

ಅವಳಿಗೆ ಜನ ಕಂಡರೆ ಆಗದು ಎಂದು ಬರೆದರೆ ಸುಳ್ಳು. ಯಾರ ಮನೆಯ ನಾಮಕರಣಕ್ಕೂ ಹೋಳಿಗೆ ತಟ್ಟಲು ಅವಳೇ ಬೇಕು. ಮಹಿಳಾ ಸಂಘಕ್ಕೆ ಅವಳೇ ಅಧ್ಯಕ್ಷೆ. ಗಂಡ ಹೆಂಡಿರ ಜಗಳ ಬಿಡಿಸುವುದಕ್ಕೂ ಅವಳೇ. ಖುಷಿಯಿಂದಲೇ ಹೋಗುತ್ತಾಳೆ. ಆದರೆ ಒಂದು ಬೆಳಿಗ್ಗೆ ಬಚ್ಚಲಲ್ಲಿ, ನೀರು ಸುರಿದುಕೊಳ್ಳುತ್ತಾ, ತಾನು ಯಾರಿಗೋ ನಗುತ್ತಿರುವುದು ಅವಳಿಗೆ ಗೊತ್ತಾಯಿತು. ಅಲ್ಲಿ ಯಾರೂ ಇರಲಿಲ್ಲ. ನಿಲ್ಲಿಸೋಣ ಎಂದರೆ ಮುಖ ಮಾತು ಕೇಳಲಿಲ್ಲ. ಅವತ್ತು ಹೆದರಿದಳು. ಗುರುವಾರಗಳು ಶುರುವಾದದ್ದು ಆಮೇಲೆ.

ಗುಟ್ಟು ಗೊತ್ತಿದ್ದದ್ದು ಕಳಸದಲ್ಲಿ ಟೈಲರಿಂಗ್ ಅಂಗಡಿ ಇಟ್ಟ ಅಫ್ರೀನ್ ಒಬ್ಬಳಿಗೆ.

"ಯಾರಾದ್ರೂ ಕೇಳಿದ್ರೆ ಇಲ್ಲೇ ಇದ್ದಾಳೆ ಅನ್ನು."

"ಟ್ರಯಲ್ ರೂಮಲ್ಲಿದ್ದಾಳೆ ಅಂತೇನೆ. ನನ್ನಂಗಡೀಲಿ ಟ್ರಯಲ್ ರೂಮೇ ಇಲ್ಲ ಅಂತ ನಿನ್ ಗಂಡಂಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ತಿ!"

"ನಾನು ಸತ್ರೂ ಹೇಳ್ಬಾರ್ದು. ಮಾತು ಕೊಡು."

"ಥೂ, ಬಾಯಲ್ಲಿ ಏನ್ ಬರ್ತದೆ ನೋಡು." ಬೈದಳು. ಮಾತನ್ನೂ ಕೊಟ್ಟಳು.

೩

ಈಗ ತಪ್ಪು ಎಲ್ಲಾಯಿತು ಎಂದು ಹೇಳುತ್ತೇನೆ.

ನಮ್ಮ ಕಡೆ ಊರೂರಿಗೆ ಆನೆ ಗ್ರೂಪ್ ಇದೆ. ಕಾಡಾನೆ ಯಾರ ತೋಟಕ್ಕೆ ಇಳಿಯಿತು, ಯಾವ ರಸ್ತೆ ದಾಟಿತು ಎಂದು ವಾಟ್ಸಾಪಿನಲ್ಲಿ ಹಾಕುತ್ತಾರೆ. ಅದನ್ನು ನೋಡದೆ ಯಾರೂ ತೋಟಕ್ಕೆ ಕಾಲಿಡುವುದಿಲ್ಲ. ಜೀಪ್ ಮೆಕ್ಯಾನಿಕ್ ಜುಬೇರ್ ಅಡ್ಮಿನ್. "ಆನೆ ವಿಷ್ಯ ಮಾತ್ರ ಹಾಕಿ ಮಾರಾಯ್ರೇ" ಎಂದು ಕೈಮುಗಿದು ಸುಸ್ತಾಗಿದ್ದಾನೆ. ಕೇಳುವವರು ಯಾರು? ಗುಡ್ ಮಾರ್ನಿಂಗ್, ಹ್ಯಾಪಿ ಬರ್ತ್‌ಡೇ, ಕರು ಹಾಕಿದ ಹಸು, ಮೊಮ್ಮಗನ ಮೊದಲ ಹಲ್ಲು. ಆನೆ ಎಲ್ಲಿದೆ ಎಂದು ಹುಡುಕಲು ಹಲ್ಲುಗಳ ನಡುವೆ ನುಗ್ಗಬೇಕು! ಆ ಗುರುವಾರ ಬೆಳಿಗ್ಗೆ ಯಾರದೋ ಮದುವೆ ವಾರ್ಷಿಕೋತ್ಸವ. ಹೂಗುಚ್ಛದ ಮೇಲೆ ಹೂಗುಚ್ಛ. "ಭಾಗೀರಥಿ ಯಾಕೆ ವಿಶ್ ಮಾಡ್ಲಿಲ್ಲ?" ಎಂದು ಸಂಘದ ಸರೋಜಮ್ಮ ಎಲ್ಲರೆದುರು ಕೇಳಿದರು. ಭಾಗೀರಥಿ ಗ್ರೂಪ್ ಬಿಟ್ಟಳು. ಪ್ರತಿ ವಾರ ಗ್ರೂಪ್ ನೋಡಿಯೇ ಗುಡ್ಡ ಹತ್ತುತ್ತಿದ್ದವಳಿಗೆ ಈ ವಾರ ನೋಡಲು ಗ್ರೂಪೇ ಇರಲಿಲ್ಲ.

"ನಾನು ಬಿಟ್ಟಿದ್ದಲ್ಲ, ನೀವು ಬಿಡ್ಸಿದ್ದು," ಎಂದು ಭಾಗೀರಥಿ ನನ್ನ ಮೇಲೆ ಹಾರುತ್ತಾಳೆ. "ನಿಮ್ಮ ಸಿಟ್ಟನ್ನ ನನ್ನ ಬೆರಳಿಗೆ ಯಾಕೆ ತಂದ್ರಿ?"

"ಕಥೆಗೆ ಬೇಕಿತ್ತು."

"ಕಥೆಗೆ ಬೇಕು ಅಂತ ನಾನು ಸಾಯ್ಬೇಕಾ?"

ಮುಂದಕ್ಕೆ ಹೋಗುತ್ತೇನೆ.

೪

ಮೊದಲು ವಾಸನೆ. ಶೆಡ್ಡಿನ ಪಕ್ಕದ ಮರದಲ್ಲಿ ಹಲಸಿನ ಹಣ್ಣು ಒಡೆದ ವಾಸನೆ. ಆಮೇಲೆ ಕೊಂಬೆ ಮುರಿಯಿತು. ಮಂಗ ಇರಬೇಕು ಎಂದುಕೊಂಡಳು. ಆಮೇಲೆ ತಗಡಿನ ಗೋಡೆ ಯಾರೋ ಬೆನ್ನು ಒರಗಿಸಿದ ಹಾಗೆ ಒಳಕ್ಕೆ ಉಬ್ಬಿತು, ಮತ್ತೆ ನೆಟ್ಟಗಾಯಿತು. ಸಂದಿಗಳಲ್ಲಿ ಬರುತ್ತಿದ್ದ ಬೆಳಕು ಒಂದೊಂದಾಗಿ ಆರುತ್ತಾ ಬಾಗಿಲ ಕಡೆ ಸರಿಯಿತು. ಬಾಗಿಲ ಕೆಳಗೆ ಧೂಳು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ.

ಉಸಿರು.

(ಒಂಟಿ ಸಲಗ. ಅದೂ ಹಿಂಡು ಬಿಟ್ಟು ಬಂದದ್ದು, ಇವಳೂ ಹಿಂಡು ಬಿಟ್ಟು ಬಂದವಳು ಎಂದು ಬರೆಯಹೊರಟೆ. ನಾಚಿಕೆಯಾಗಬೇಕು ನನಗೆ. ಹೊರಗೆ ನಿಂತದ್ದು ಆನೆ. ಅದಕ್ಕೆ ಅರ್ಥ ಇಲ್ಲ, ತೂಕ ಇದೆ.)

ಫೋನ್ ತೆಗೆದಳು. ಬೆರಳು ಬಟನ್ನಿನ ಮೇಲೆ ಹೋಗಿ ನಿಂತಿತು. ಆನ್ ಮಾಡಿದರೆ ಮೊದಲು ಅದು ಕಂಪನಿಯವರ ಹಾಡು ಹಾಡುತ್ತದೆ. ಅದರ ಬೆನ್ನಿಗೇ ಎಲ್ಲ ಗ್ರೂಪುಗಳ ಟಿಣ್, ಟಿಣ್, ಟಿಣ್. ಇಡೀ ಊರು ಒಮ್ಮೆಲೇ ಶೆಡ್ಡಿನೊಳಗೆ ನುಗ್ಗಿ, ಆನೆಯ ಕಿವಿಯ ಪಕ್ಕದಲ್ಲಿ ಕೂಗುತ್ತದೆ.

೫

ಅತ್ತ ಕಳಸದಲ್ಲಿ, ಅದೇ ಗ್ರೂಪಿನಲ್ಲಿದ್ದ ಅಫ್ರೀನಳ ಫೋನಿಗೆ ಜುಬೇರನ ವಾಯ್ಸ್ ಮೆಸೇಜ್ ಬಂತು: "ಸಲಗ ಪ್ರಸನ್ನಣ್ಣನ ತೋಟದ ಮೇಲ್ಗಡೆ, ಪಲ್ಪರ್ ಮನೆ ಹತ್ರ. ಯಾರೂ ಹೋಗ್ಬೇಡಿ." ಕೆಳಗೆ ಪ್ರಸನ್ನಕುಮಾರ ಬರೆದಿದ್ದ: "ನಮ್ಮವರು ಯಾರೂ ಆ ಕಡೆ ಇಲ್ಲ. ಹೆಂಡತಿ ಕಳಸದಲ್ಲಿದ್ದಾಳೆ." ಅದಕ್ಕೆ ಯಾರೋ ಒಂದು ಹೂಗುಚ್ಛ ಹಾಕಿದ್ದರು.

ಅಫ್ರೀನ್ ಭಾಗೀರಥಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಕತ್ತರಿ ಕೆಳಗಿಟ್ಟಳು. ಜುಬೇರನ ನಂಬರ್ ತೆಗೆದಳು.

ಕೊನೆ ಒಂದು: ಅಫ್ರೀನ್ ಕೊಟ್ಟ ಮಾತು ಉಳಿಸಿಕೊಂಡಳು. (ಆ ಹಾಳೆಯನ್ನು ತಿರುಗಿ ಓದಲು ನನಗೇ ಧೈರ್ಯವಿಲ್ಲ.)

ಕೊನೆ ಎರಡು: ಅಫ್ರೀನ್ ಹೇಳಿಬಿಟ್ಟಳು. ಜೀಪು, ಪಟಾಕಿ, ಕೂಗಾಟ. ಆನೆ ಹಳ್ಳದ ಕಡೆ ಇಳಿಯಿತು. ಹೊರಬಂದ ಭಾಗೀರಥಿಯನ್ನು ಎಲ್ಲರೂ ತಬ್ಬಿಕೊಂಡರು. "ಒಬ್ಳೇ ಯಾಕೆ ಕೂತಿದ್ದೆ? ಹೇಳಿದ್ರೆ ನಾವೂ ಬರ್ತಿದ್ವಲ್ಲ!" ಎಂದು ಸರೋಜಮ್ಮ ಅತ್ತರು. ಮುಂದಿನ ಗುರುವಾರ ಸಂಘದವರೆಲ್ಲ ಚಾಪೆ, ಕೋಡುಬಳೆ, ಫ್ಲಾಸ್ಕ್ ಹಿಡಿದು ಪಲ್ಪರ್ ಮನೆ ಹತ್ತಿದರು. ನಡುವೆ ಕೂತ ಭಾಗೀರಥಿಯ ಮುಖ ನಗುತ್ತಿತ್ತು. ನಿಲ್ಲಲೇ ಇಲ್ಲ.

"ಈ ಕೊನೆ ಬೇಡ," ಎಂದಳು ಭಾಗೀರಥಿ.

"ಜೀವ ಉಳೀತಲ್ಲ!"

"ಯಾರದ್ದು?"

೬

"ಹಾಗಾದ್ರೆ ಮೂರನೇದು ನೀನೇ ಹೇಳು!" ರೇಗಿದೆ.

"ಮೆಲ್ಲಗೆ." ಅವಳ ತುಟಿ ಮಾತ್ರ ಅಲ್ಲಾಡಿತು. "ಮೊದ್ಲು ನೀವು ಹೊರಗೆ ಹೋಗಿ. ನಿಮ್ಮ ಹಿಂದೆ ಓದ್ತಾ ನಿಂತಿದ್ದಾರಲ್ಲ, ಅವರನ್ನೂ ಕರ್ಕೊಂಡು ಹೋಗಿ. ಒಬ್ಳೇ ಕೂರೋಣ ಅಂತ ಬಂದ್ರೆ ಇಲ್ಲೂ ಇಷ್ಟು ಜನ. ಉಸಿರು ಕೇಳಿಸ್ತದೆ ಅದಕ್ಕೆ."

ತಿರುಗಿ ನೋಡಿದೆ. ಹೌದು, ನೀವು. ಅವಳ ಗೋಣಿಚೀಲದ ಮೇಲೆ ಕಾಲಿಟ್ಟು ನಿಂತಿದ್ದೀರಿ. ಹೋಗೋಣ ಎಂದರೆ, ಮೊದಲೇ ಹೇಳಿದ್ದೆನಲ್ಲ, ಬಾಗಿಲು ಒಂದೇ. ಅದರ ಕೆಳಗಿನ ಧೂಳು ಈಗ ಅಲ್ಲಾಡುತ್ತಿಲ್ಲ. ಆನೆ ಹೋಯಿತೋ, ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದೆಯೋ, ನನಗೂ ಗೊತ್ತಿಲ್ಲ.

ಕಳಸದಲ್ಲಿ ಅಫ್ರೀನಳ ಬೆರಳು ಜುಬೇರನ ನಂಬರಿನ ಮೇಲಿದೆ. ಇಲ್ಲಿ ಭಾಗೀರಥಿಯ ಬೆರಳು ಬಟನ್ನಿನ ಮೇಲಿದೆ. ಒತ್ತಿಸುವ ಪೆನ್ನು ನನ್ನ ಕೈಯಲ್ಲಿದೆ, ನಾನು ಒತ್ತಿಸುವುದಿಲ್ಲ. ನಿಮಗೇನು, ಪುಸ್ತಕ ಮುಚ್ಚಿದರೆ ಮನೆಗೆ ಹೋಗಬಹುದು.

ಸದ್ದಾಗದ ಹಾಗೆ ಮುಚ್ಚಿ.