ಮಡ್ಡಿಯ ಕರಡ

ಕೊಡಲಿ ಎತ್ತಿದ್ದ ಮರೆಪ್ಪ ಅದನ್ನು ಹಾಗೆಯೇ ಕೆಳಗಿಳಿಸಿದ. ಕಡಿಯಬೇಕಾಗಿದ್ದ ಮರಕ್ಕೆ ಬೆನ್ನು ಕೊಟ್ಟು ಖಂಡೆಪ್ಪ ಕುಳಿತುಬಿಟ್ಟಿದ್ದ. ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವನಂತೆ ನೆಮ್ಮದಿಯಾಗಿದ್ದ. ತಲೆಯ ಮೇಲೆ ಎಲೆಯುದುರಿದ ಕೊಂಬೆಗಳ ತುಂಬ ಗಿರಿಪುಷ್ಪದ ತಿಳಿಗುಲಾಬಿ ಹೂವು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ಕಾಜಲಳ ಕಡೆ ತಿರುಗಿದರು. ಖಾಕಿ ತೊಟ್ಟಿದ್ದ ಕಾಜಲ ಈ ಬೀಟಿನ ವನರಕ್ಷಕಿ. ಕುಳಿತವನು ಅವಳ ಅಪ್ಪ.

"ಅಪ್ಪಾ, ಏಳು. ಮಂದಿ ನಿಂತಾರ," ಎಂದಳು ಅವಳು.

"ಸರಕಾರದ ಕಾಜಲ ಬಂದಾಳೋ, ನನ್ನ ಮಗಳು ಬಂದಾಳೋ?"

"ಇಬ್ಬರೂ ಒಬ್ಬಾಕಿನ."

ತಡವಳ ಊರಿನ ಆಚೆಗಿನ ಈ ಮಡ್ಡಿಯ ಮೇಲೆ ಗಿಡ ಹಚ್ಚಿದ್ದು ಬರಗಾಲದ ಕೆಲಸ ನಡೆದಾಗ. ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಮುರುಮು ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಉಳಿದವರ ಸಾಲುಗಳು ಬೇಸಿಗೆಗೆ ಒಣಗಿ ಹೋದವು. ಖಂಡೆಪ್ಪನ ಸಾಲುಗಳು ಮಾತ್ರ ಬದುಕಿದವು. ಆಮೇಲೆ ಅವನು ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಲ್ಲಿ ಮಗ್ಗಕ್ಕೆ ಹೋದ. ಮಗ್ಗದ ಸದ್ದಿಗೆ ಕಿವಿ ಮಂದವಾಗುವವರೆಗೂ ಅಲ್ಲಿ ದುಡಿದ. ರಜೆಗೆ ಊರಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಮೊದಲು ನೋಡುತ್ತಿದ್ದುದು ಮನೆಯ ಕಡೆಗಲ್ಲ, ಈ ಮಡ್ಡಿಯ ಕಡೆಗೆ. ಪಕ್ಕದಲ್ಲಿ ಕುಳಿತವರು ಯಾರೇ ಇರಲಿ, ಆ ಹಸಿರು ತನ್ನದೆಂದು ತೋರಿಸುತ್ತಿದ್ದ.

ಕಡಿಯುವುದು ಮೇಲಿನವರ ಆದೇಶ ಎಂದು ಹೇಳಿ ಕಾಜಲ ಜಾರಿಕೊಳ್ಳಬಹುದಿತ್ತು. ಆದರೆ ಆದೇಶ ಬಂದದ್ದೇ ಅವಳು ಕೇಳಿದ್ದರಿಂದ. ತರಬೇತಿ ಮುಗಿಸಿ, ಒಂದೆರಡು ಕಡೆ ತಿರುಗಿ, ತನ್ನೂರಿನ ಬೀಟಿಗೇ ಬಂದ ಮೇಲೆ ಅವಳು ಮಡ್ಡಿಯನ್ನು ಮೂಲೆಮೂಲೆ ತಿರುಗಿ ನೋಡಿದ್ದಳು. ಗಿರಿಪುಷ್ಪದ ಕೆಳಗೆ ನೆಲ ಬೋಳಾಗಿತ್ತು. ಹುಲ್ಲಿಲ್ಲದೆ ಚಿಗರಿಗಳು ಮಂದಿಯ ಜೋಳಕ್ಕೆ ಇಳಿದು ಏಟು ತಿನ್ನುತ್ತಿದ್ದವು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಎಂದೋ ಬಿಟ್ಟುಹೋಗಿದ್ದವು. ಇದು ಹುಲ್ಲಿನ ನೆಲ, ಹುಲ್ಲೇ ಇದರ ಕಾಡು, ಮರ ತೆಗೆದರೆ ಅದು ತಿರುಗಿ ಬರುತ್ತದೆ ಎಂದು ಅವಳು ಅಕ್ಕಲಕೋಟದ ಕಚೇರಿಗೆ ಮತ್ತೆ ಮತ್ತೆ ಹೋಗಿ ಹೇಳಿದಳು. ಕೊನೆಗೆ ಸಾಹೇಬರು ಒಪ್ಪಿ ಜೆಸಿಬಿ ಕಳಿಸುತ್ತೇನೆಂದರು. ಜೆಸಿಬಿ ಬೇಡವೆಂದಳು. ಬೇರು ಕೀಳಲು ಹೋದರೆ ಇರುವ ಒಂದು ಗೇಣು ಮಣ್ಣೂ ಮಗುಚಿ ಹೋಗುತ್ತದೆ, ಅದರಲ್ಲಿ ಮಲಗಿರುವ ಹುಲ್ಲಿನ ಬೀಜ ಹೂತುಹೋಗುತ್ತದೆ, ಕೈಯಿಂದಲೇ ಕಡಿಸುತ್ತೇನೆ ಎಂದಳು.

ಈಗ ಕಡಿಯುವ ಕೈಗಳು ಕಟ್ಟಿಹೋಗಿದ್ದವು. ಖಂಡೆಪ್ಪ ಏಳಲಿಲ್ಲ. ಅವನನ್ನು ಎಬ್ಬಿಸಲು ಮರೆಪ್ಪ ಸಿದ್ಧನಿರಲಿಲ್ಲ. ಊರಿನಲ್ಲಿ ನಾಳೆ ಮುಖ ತೋರಿಸಬೇಕಲ್ಲ ಎಂದು ಮೆಲ್ಲಗೆ ಹೇಳಿದ. ಕಾಜಲ ಅವನ ಕೈಯಿಂದ ಕೊಡಲಿ ತೆಗೆದುಕೊಂಡು ಮುಂದಿನ ಮರದ ಬಳಿಗೆ ಹೋದಳು. ಮೊದಲ ಏಟು ಜಾರಿತು. ಎರಡನೆಯದು ಕಚ್ಚಿಕೊಂಡಿತು. ಹೂವುಗಳು ಅವಳ ಟೋಪಿಯ ಮೇಲೆ, ಹೆಗಲ ಮೇಲೆ ಉದುರಿದವು. ಮರ ಬಿದ್ದಾಗ ಅವಳು ತಿರುಗಿ ನೋಡದೆ ಮತ್ತೊಂದರ ಬುಡಕ್ಕೆ ಹೋದಳು. ಬಿಸಿಲೇರುವ ಹೊತ್ತಿಗೆ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ಆಗ ಮರೆಪ್ಪ ಬಂದು, ತಂಗೀ, ಆಚೆ ಸರಿ, ಎಂದು ಕೊಡಲಿ ಇಸಿದುಕೊಂಡ. ಅವನ ಹಿಂದೆ ಉಳಿದವರೂ ಬಂದರು.

ಮಧ್ಯಾಹ್ನ ಖಂಡೆಪ್ಪ ತಾನಾಗಿ ಎದ್ದು, ರುಮಾಲು ಸುತ್ತಿಕೊಂಡು ಊರಿಗೆ ನಡೆದ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ. ಅವಳು ಬಡಿಸಿದರೆ ಉಣ್ಣುತ್ತಿದ್ದ, ಮುಖ ಎತ್ತುತ್ತಿರಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಮಡ್ಡಿ ಬೋಳಾಯಿತು. ರಸ್ತೆಯಲ್ಲಿ ಹೋಗುವ ಮೋಟರ್‌ಸೈಕಲ್ಲಿನವರು ಗಾಡಿ ನಿಲ್ಲಿಸಿ, ಕಾಡು ಕಾಯುವಾಕಿನೇ ಕಾಡು ಕಡಿಸಿದಳೆಂದು ಮರಾಠಿಯಲ್ಲಿ, ಕನ್ನಡದಲ್ಲಿ ಆಡಿಕೊಂಡು ಹೋಗುತ್ತಿದ್ದರು. ಕಾಜಲ ಮಳೆ ಬರಲಿ ಎಂದುಕೊಂಡಳು.

ಮಳೆ ಬಂತು. ಅದರ ಹಿಂದೆಯೇ ಗಿರಿಪುಷ್ಪವೂ ಬಂತು. ಕಡಿದ ಒಂದೊಂದು ಬುಡದಿಂದಲೂ ಹಿಡಿ ಹಿಡಿ ಚಿಗುರು. ಒಂದಿದ್ದ ಕಡೆ ಹತ್ತು ಕೊಂಬೆ. ಖಂಡೆಪ್ಪ ಎಲ್ಲೋ ಹೋಗಿದ್ದವನು ಸಂಜೆ ಕಾಲಿನ ಕೆಸರು ತೊಳೆಯದೆ ಒಳಗೆ ಬಂದ. ಎಷ್ಟೋ ದಿನದ ಮೇಲೆ ಮಗಳ ಮುಖ ನೋಡಿದ. ಅವನ ಕಣ್ಣು ಹೊಳೆಯುತ್ತಿದ್ದವು.

"ನೋಡ್ದಿ? ನಾ ಹಚ್ಚಿದ್ದು ಹಂಗ ಸಾಯಂಗಿಲ್ಲ."

"ನೋಡೀನಪ್ಪಾ," ಎಂದಳು ಕಾಜಲ. "ನಾಳಿಗಿ ಮುರಿತೀನಿ."

ಅಪ್ಪನಿಗೆ ಕೇಳಿಸಲಿ ಎಂದು ಅವಳು ದನಿ ಏರಿಸಿ ಬಿಡಿಸಿ ಹೇಳಿದಳು. ಮೇಲೆ ಮರ ಇಲ್ಲದಿದ್ದರೂ ಬೇರಿನಲ್ಲಿ ಹಳೆಯ ಕೂಳು ಕೂಡಿಟ್ಟಿರುತ್ತದೆ. ಚಿಗುರು ಬರುವುದು ಆ ಕೂಳನ್ನು ತಿಂದೇ. ಎಲೆ ಬಲಿತು ಬಿಸಿಲುಂಡಿತೆಂದರೆ ತಿಂದದ್ದನ್ನು ಬೇರಿಗೆ ಮರಳಿ ತುಂಬುತ್ತದೆ. ಅಷ್ಟರೊಳಗೆ ಮುರಿದರೆ ಬೇರು ಮತ್ತೆ ಒಳಗಿನದನ್ನೇ ಖರ್ಚು ಮಾಡಬೇಕು. ಮುರಿದಷ್ಟು ಸಲವೂ ಅದು ಬಡವಾಗುತ್ತದೆ. ಖಂಡೆಪ್ಪ ಪೂರ್ತಿ ಕೇಳಿದ. ಕೇಳಿ, ಯಾರು ಮೊದಲು ದಣಿಯುತ್ತಾರೋ ನೋಡೋಣ ಎಂದು ಉಣ್ಣದೆ ಮಲಗಿದ.

ಮಂಜೂರಾಗಿದ್ದು ಕಡಿಯುವ ಕೆಲಸ ಮಾತ್ರ. ಚಿಗುರು ಮುರಿಯಲು ಆಳುಗಳಿರಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಕಾಜಲ ಒಬ್ಬಳೇ ಹೊರಟಳು. ಬಾಗಿಲ ಹೊರಗೆ ಅವ್ವ ಭಾಗಾಬಾಯಿ ಸೀರೆ ಎತ್ತಿ ಕಟ್ಟಿಕೊಂಡು, ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು.

"ನೀ ಎಲ್ಲಿಗೆ?"

"ಮಡ್ಡಿಗಿ."

"ಅಪ್ಪ ಸಿಟ್ಟಾಗ್ತಾನ, ಅವ್ವಾ."

"ಆಗಲಿ. ಗಿಡಕ್ಕ ಕುಣಿ ಅವ ತೋಡ್ಯಾನ, ನೀರ ನಾ ಹೊತ್ತೀನಿ. ಹೊಳಿಯಿಂದ ತಲಿ ಮ್ಯಾಲ ಹೊತ್ತೀನಿ. ಕಡೀಲೋ ಬ್ಯಾಡೋ ಅಂತ ನೀನೂ ನನ್ನ ಕೇಳಲಿಲ್ಲ, ಅವನೂ ಕೇಳಲಿಲ್ಲ."

ಕಾಜಲ ಗಂಟನ್ನು ಇಸಿದುಕೊಂಡು ಮೋಟರ್‌ಸೈಕಲ್ಲಿಗೆ ಕಟ್ಟಿದಳು. ಇಬ್ಬರೂ ಗಾಡಿಯ ಮೇಲೆ ಹೋದರು. ಮೊದಲ ಸಾಲು ಮುಗಿಸಿ ರೊಟ್ಟಿ ಬಿಚ್ಚಿದಾಗ ಭಾಗಾಬಾಯಿ ತಾನಾಗಿ ಹೇಳಿದಳು. ಅವಳು ಮದುವೆಯಾಗಿ ಬಂದಾಗ ಈ ಮಡ್ಡಿಯ ತುಂಬ ಕರಡದ ಹುಲ್ಲು ಇತ್ತು. ದೀಪಾವಳಿ ಮುಗಿದ ಮೇಲೆ ಹೆಣ್ಣುಮಕ್ಕಳೆಲ್ಲ ಕುಡಗೋಲು ಹಿಡಿದು ಬಂದು ಕೊಯ್ಯುತ್ತಿದ್ದರು. ಎಮ್ಮೆಗೆ ವರ್ಷದ ಮೇವು ಇಲ್ಲಿಂದಲೇ ಆಗುತ್ತಿತ್ತು. ಗಿಡ ದೊಡ್ಡದಾದಂತೆ ಕರಡ ಹೋಯಿತು. ಕರಡದ ಹಿಂದೆ ಎಮ್ಮೆಯೂ ಹೋಯಿತು. "ನಿಮ್ಮಪ್ಪಗ ಇಲ್ಲಿ ಗಿಡ ಕಾಣತಿದ್ವು. ನನಗ ಕರಡ ಕಾಣತಿತ್ತು," ಎಂದಳು. ಆಮೇಲೆ ಕೈ ಝಾಡಿಸಿ ಎದ್ದು ಎರಡನೆಯ ಸಾಲಿಗೆ ಹೋದಳು.

ಆ ಮಳೆಗಾಲ ತಾಯಿ ಮಗಳು ಚಿಗುರು ಮುರಿದದ್ದೇ ಮುರಿದದ್ದು. ಕೊನೆಯ ಸಾಲಿಗೆ ಮುಟ್ಟುವಷ್ಟರಲ್ಲಿ ಮೊದಲ ಸಾಲು ತಿರುಗಿ ಹಸಿರಾಗಿರುತ್ತಿತ್ತು. ಬೆರಳಿಗೆ ಹತ್ತಿದ ಚಿಗುರಿನ ವಾಸನೆ ಸಾಬೂನಿಗೂ ಹೋಗುತ್ತಿರಲಿಲ್ಲ. ಒಂದು ಸಂಜೆ ಕಾಜಲ ಬುಡವೊಂದರ ಮುಂದೆ ಕುಳಿತು ಅತ್ತದ್ದೂ ಉಂಟು. ಭಾಗಾಬಾಯಿ ಕಂಡೂ ಕಾಣದವಳಂತೆ ಪಕ್ಕದ ಬುಡ ಮುರಿಯುತ್ತಿದ್ದಳು. ದೀಪಾವಳಿಯ ಹಟ್ಟಿಹಬ್ಬದ ಹೊತ್ತಿಗೆ ಚಿಗುರು ಸಣ್ಣದಾಗಿ, ಬಿಳಿಚಿಕೊಂಡು ಬರತೊಡಗಿತು. ಮರುವರ್ಷದ ಮಳೆಗೆ ಅರ್ಧಕ್ಕರ್ಧ ಬುಡಗಳು ಏಳಲೇ ಇಲ್ಲ. ಉಳಿದವನ್ನು ಅವರು ಮುರಿಯುತ್ತಲೇ ಹೋದರು. ಬುಡಗಳ ನಡುವೆ ಅಲ್ಲೊಂದು ಇಲ್ಲೊಂದು ಕರಡದ ಎಸಳು ಎದ್ದಿತು, ಆಮೇಲೆ ತೆಕ್ಕೆ ತೆಕ್ಕೆಯಾಗಿ ಎದ್ದಿತು. ಕಾಜಲ ದನ ಬಿಡದಂತೆ ಊರವರನ್ನು ಕೈಮುಗಿದು ಕೇಳಿಕೊಂಡಳು. ಕೇಳದವರ ಮನೆ ಬಾಗಿಲಿಗೆ ಖಾಕಿಯಲ್ಲೇ ಹೋಗಿ ಕುಳಿತಳು.

ಇಷ್ಟಾದರೂ ಖಂಡೆಪ್ಪ ಮಡ್ಡಿಯ ಹೆಸರು ಎತ್ತಲಿಲ್ಲ. ಮನೆಯಲ್ಲಿ ಆ ಮಾತು ಬಂದರೆ ಕಿವಿ ಕೇಳಿಸದವನಂತೆ ಹೊರಗೆ ಹೋಗುತ್ತಿದ್ದ.

ಮಳೆಗಾಲ ಕಳೆದು ಹುಲ್ಲು ಹೊಂಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಒಂದು ಸಂಜೆ ಕಾಜಲ ಡ್ಯೂಟಿ ಮುಗಿಸಿ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತು ಧೋತರದ ಅಂಚಿನಿಂದ ಏನನ್ನೋ ಕೀಳುತ್ತಿದ್ದ. ಹತ್ತಿರ ಬಂದು ನೋಡಿದಳು. ಕುಸಳಿ. ಮಡ್ಡಿಯ ಕರಡದ ನಡುವೆ ಬೆಳೆದು, ಅಲ್ಲಿ ನಡೆದವರ ಬಟ್ಟೆಗೆ ಹತ್ತುವ ಹುಲ್ಲಿನ ಬೀಜ ಅದು. ಸೂಜಿಯಂಥ ಮೂತಿ, ಉದ್ದನೆಯ ಬಾಲ. ಮೊಣಕಾಲವರೆಗೂ ಅವನ ಧೋತರದ ತುಂಬ ಚುಚ್ಚಿಕೊಂಡಿದ್ದವು. ಅವನು ಅವುಗಳನ್ನು ಒಂದೊಂದಾಗಿ ಕಿತ್ತು ಎಡ ಅಂಗೈಯಲ್ಲಿ ಕೂಡಿಸುತ್ತಿದ್ದ.

ಕಾಜಲ ಒಳಗಿನಿಂದ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟಳು. ಖಂಡೆಪ್ಪ ಕುಡಿದ. ತಂಬಿಗೆಯಲ್ಲಿ ಬೆರಳು ಅದ್ದಿ ಅಂಗೈಯ ಮೇಲೆ ಒಂದು ಹನಿ ಬಿಟ್ಟು, ಕೈಯನ್ನು ಮುಖದ ಹತ್ತಿರಕ್ಕೆ ತಂದುಕೊಂಡ. ಒದ್ದೆಯಾದ ಕುಸಳಿಯ ಬಾಲ ಮೆಲ್ಲಗೆ ತಿರುಗತೊಡಗಿತು. ಅದರ ಮೂತಿ ಅವನ ಅಂಗೈಯ ಗೆರೆಗಳಲ್ಲಿ ನೆಲ ಹುಡುಕುತ್ತಿತ್ತು.